ಅಡುಗೆಮನೆಯ ಮಸಿ, ಮಕ್ಕಳ ಕೈಯ ಬಣ್ಣ

ಮಸಿ ಎಂಬ ಮಾತು ಕನ್ನಡದಲ್ಲಿ ಎರಡು ಕಡೆ ವಾಸಿಸುತ್ತದೆ. ಅಡುಗೆಮನೆಯಲ್ಲಿ ಅದು ಪಾತ್ರೆಯ ತಳಕ್ಕೆ ಹಿಡಿದ ಕರಿ. ಬರೆಯುವವನ ಮೇಜಿನ ಮೇಲೆ ಅದೇ ಲೇಖನಿಯ ಶಾಯಿ. ಬಿಸಿ ಪಾತ್ರೆಯನ್ನು ಇಳಿಸುವ ಅರಿವೆ ಮಸಿಬಟ್ಟೆಯಾದರೆ, ಲೇಖನಿಯನ್ನು ಅದ್ದುವ ಪಾತ್ರೆ ಮಸಿಕುಡಿಕೆ. ನಮ್ಮ ನೆರೆಯ ಮಲೆಯಾಳದಲ್ಲಿ ಮಷಿಯೆಂದರೆ ಶಾಯಿಯೇ. ಈ ಎರಡು ಅರ್ಥಗಳೂ ಆಕಸ್ಮಿಕವಾಗಿ ಬಂದು ಒಂದೇ ಮಾತಿನಲ್ಲಿ ಕೂಡಿದವಲ್ಲ. ದೀಪದ ಕರಿಯನ್ನು ಅಂಟಿನೊಡನೆ ಅರೆದು ಶಾಯಿ ಮಾಡುತ್ತಿದ್ದ ಕಾಲದಲ್ಲಿ ಒಂದರಿಂದಲೇ ಇನ್ನೊಂದು ಹುಟ್ಟುತ್ತಿತ್ತು. ಅಡುಗೆ ಅನಿಲದ ಒಲೆ ಬಂದ ಮೇಲೆ ಪಾತ್ರೆಯ ಮಸಿ ಹೋಯಿತು. ಅಂಗಡಿಯ ಪೆನ್ನು ಬಂದ ಮೇಲೆ ಕುಡಿಕೆಯ ಮಸಿ ಹೋಯಿತು. ಮಾತು ಮಾತ್ರ ಉಳಿದಿದೆ, ಅದೂ ಹಿರಿಯರ ಬಾಯಲ್ಲಿ.

ಕೆಲವು ವರ್ಷಗಳಿಂದ ನಮ್ಮ ಶಾಲೆಯ ಚಿತ್ರಕಲೆಯ ಅವಧಿಗಾಗಿ ಬಣ್ಣ, ಅಂಟು, ಶಾಯಿ, ಕಾಗದದ ಮುದ್ದೆ ಮುಂತಾದುವನ್ನು ಅಡುಗೆಮನೆಯ ವಸ್ತುಗಳಿಂದಲೇ ಮಾಡಿಕೊಳ್ಳುತ್ತಿದ್ದೇವೆ. ಆ ಅನುಭವವನ್ನು ಗಡಿನಾಡಿನ ಉಪಾಧ್ಯಾಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಸಾಧಿಸಿದುದಕ್ಕಿಂತ ತಪ್ಪಿದುದನ್ನೇ ತುಸು ಹೆಚ್ಚಾಗಿ ಹೇಳಬೇಕಾಗಿದೆ. ಏಕೆಂದರೆ ನಮಗೆ ಪಾಠವಾದುದು ಅದರಿಂದಲೇ.

ನಮ್ಮದು ಕಾಸರಗೋಡು ತಾಲೂಕಿನ ಒಳಭಾಗದ ಒಂದು ಕನ್ನಡ ಮಾಧ್ಯಮ ಶಾಲೆ. ಐದರಿಂದ ಹತ್ತನೆಯ ತರಗತಿಯವರೆಗೆ ಮಕ್ಕಳಿದ್ದಾರೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಟಿ, ಮಲೆಯಾಳ, ಬ್ಯಾರಿ ಹೀಗೆ ನಾನಾ ಭಾಷೆಗಳನ್ನಾಡುವವರು ಶಾಲೆಯ ಅಂಗಳಕ್ಕೆ ಬಂದು ಕನ್ನಡದಲ್ಲಿ ಕೂಡುತ್ತಾರೆ. 2016ರ ಜೂನ್ ತಿಂಗಳಲ್ಲಿ ಐದನೆಯ ತರಗತಿಯ ಒಬ್ಬ ಹುಡುಗ ಚಿತ್ರಕಲೆಯ ಅವಧಿ ಬಂದಾಗಲೆಲ್ಲ ನೀರು ಕುಡಿಯಲು ಹೋಗಿ ಬರುವೆನೆಂದು ಕೇಳುತ್ತಿದ್ದ. ಹೋದವನು ಗಂಟೆ ಬಾರಿಸಿದ ಮೇಲೆಯೇ ಬರುತ್ತಿದ್ದ. ಬಣ್ಣದ ಪೆಟ್ಟಿಗೆ ಎಲ್ಲಿ ಎಂದು ಕೇಳಿದರೆ ಮರೆತೆನೆಂಬ ಉತ್ತರ. ನಾಲ್ಕು ವಾರ ಒಂದೇ ಉತ್ತರ ಬಂದಾಗ, ಇಲ್ಲದ ವಸ್ತುವನ್ನು ಮರೆಯುವುದು ಹೇಗೆ ಎಂಬುದು ನಮಗೆ ಹೊಳೆಯಿತು. ವಿಚಾರಿಸಿ ನೋಡಿದರೆ ಆ ತರಗತಿಯಲ್ಲಿ ಹಾಗೆ ಮರೆಯುವವರು ಇನ್ನೂ ಕೆಲವರಿದ್ದರು. ಶಾಲೆಯಿಂದಲೇ ಪೆಟ್ಟಿಗೆಗಳನ್ನು ಕೊಂಡು ಕೊಟ್ಟೆವು. ಓಣಂ ರಜೆಯ ಹೊತ್ತಿಗೆ ಅವು ಮುಗಿದಿದ್ದುವು. ಮತ್ತೆ ಕೊಳ್ಳಲು ಹಣ ಯಾವ ಲೆಕ್ಕದಲ್ಲಿಯೂ ಇರಲಿಲ್ಲ.

ಆಗ ಮೊದಲು ನಮಗೆ ತೋಚಿದ ಉಪಾಯ ಪುಸ್ತಕದ್ದು. ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಒಂದು ಪಾಲು ನೀರು ಸೇರಿಸಿ ನಾದಿದರೆ ಮಕ್ಕಳು ಗೊಂಬೆ ಮಾಡುವ ಹಿಟ್ಟು ಸಿದ್ಧವಾಗುವುದೆಂದು ಓದಿದ್ದೆವು. ಅಕ್ಕಿಹಿಟ್ಟು ಬೇಯಿಸಿ ಅದಕ್ಕೆ ಬಣ್ಣ ಕೂಡಿಸಿದರೆ ಬೆರಳಿನಿಂದ ಬಳಿಯುವ ಬಣ್ಣ. ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಲೋಟ ಹಿಟ್ಟು ತರತಕ್ಕದ್ದೆಂದು ಹೇಳಿ ಕಳುಹಿಸಿದೆವು. ಮಕ್ಕಳು ತಂದರು, ಆನೆ, ಕೋಳಿ, ದೋಣಿ ಎಲ್ಲವನ್ನೂ ಮಾಡಿ ಕಿಟಕಿಯಲ್ಲಿ ಸಾಲಾಗಿಟ್ಟರು. ನಮ್ಮದು ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು. ಗಾಳಿಯ ಆರ್ದ್ರತೆ ನೂರಕ್ಕೆ 75ನ್ನು ದಾಟಿತೆಂದರೆ ಉಪ್ಪು ತಾನಾಗಿಯೇ ನೀರನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಇಲ್ಲಿ ಗಾಳಿ ಅಷ್ಟು ಒಣಗುವುದೇ ಅಪೂರ್ವ. ಮೂರನೆಯ ದಿನ ಆನೆ ಬೆವರಿತು, ಐದನೆಯ ದಿನ ಕುಸಿಯಿತು. ಅಕ್ಕಿಹಿಟ್ಟಿನ ಬಣ್ಣದ ಗೆರಟೆಗಳ ಮೇಲೆ ಹಸುರು ಬೂಸರು ಬಂದು, ಯಾವುದು ನಾವು ಹಾಕಿದ ಬಣ್ಣ, ಯಾವುದು ಬೂಸರಿನದು ಎಂದು ತಿಳಿಯದಾಯಿತು.

ಅದಕ್ಕಿಂತ ಮುಖ್ಯವಾದ ಮಾತು ಬೇರೆ. ಆ ವಾರವೇ ಒಬ್ಬ ವಿದ್ಯಾರ್ಥಿನಿಯ ಅಜ್ಜಿ ಕೊಡೆ ಹಿಡಿದುಕೊಂಡು ಶಾಲೆಗೆ ಬಂದರು. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ.

"ಮಾಷ್ಟ್ರೇ, ಅಕ್ಕಿ ಆಟಕ್ಕೆ ಇರುವುದಲ್ಲ. ನಾವು ರೇಷನ್ ಅಂಗಡಿಯಲ್ಲಿ ನಿಂತು ತರುವುದು. ನಿಮಗೆ ಅಂಟು ಬೇಕಾದರೆ ಗಂಜಿತೆಳಿ ತೆಗೆದುಕೊಳ್ಳಿ, ಹೇಗೂ ದನಕ್ಕೆ ಕೊಡುವುದು. ಹುಣಿಸೆಬೀಜ ಇದೆ, ಅದನ್ನು ಯಾರೂ ತಿನ್ನುವುದಿಲ್ಲ. ಹಿಟ್ಟು ತಾ ಅಂತ ಮಕ್ಕಳಿಗೆ ಹೇಳಬೇಡಿ."

ನಮ್ಮಲ್ಲಿ ಹೇಳಲು ಏನೂ ಇರಲಿಲ್ಲ. ಬಣ್ಣದ ಪೆಟ್ಟಿಗೆಯಿಲ್ಲದ ಮಗುವಿನ ನಾಚಿಕೆಯನ್ನು ಕಳೆಯಲು ಹೊರಟು, ಹಿಟ್ಟು ಇಲ್ಲದ ಮನೆಯ ನಾಚಿಕೆಯನ್ನು ಅದರ ಜಾಗದಲ್ಲಿ ಇಟ್ಟಿದ್ದೆವು. ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ನಿಯಮವಾಯಿತು: ಅಡುಗೆಮನೆಯು ತಿನ್ನುವುದನ್ನು ತರಬಾರದು, ಬಿಸಾಡುವುದನ್ನು ತರಬೇಕು. ಚಿಟಿಕೆ ಅರಸಿನ, ಚಿಟಿಕೆ ಉಪ್ಪು, ಒಂದೆರಡು ಲವಂಗ, ಕಾಗದದ ಮುದ್ದೆಗೊಂದು ಹಿಡಿ ಮೆಂತೆ ಇಷ್ಟಕ್ಕೆ ಮಾತ್ರ ವಿನಾಯಿತಿ, ಅದೂ ಶಾಲೆಯ ಖರ್ಚಿನಲ್ಲಿ. ಮಿಕ್ಕಿದುದೆಲ್ಲ ಮಧ್ಯಾಹ್ನದ ಊಟ ಬೇಯುವ ಶಾಲೆಯ ಅಡುಗೆಮನೆಯ ಹಿಂಬಾಗಿಲಿನಿಂದಲೇ ಬರುತ್ತದೆ. ಕುಚ್ಚಿಲಕ್ಕಿಯ ಅನ್ನ ಬಸಿದ ತೆಳಿ, ಈರುಳ್ಳಿಯ ಸಿಪ್ಪೆ, ಬೀಟ್ರೂಟಿನ ಸಿಪ್ಪೆ, ಚಹದ ಚರಟ, ಸಾರಿಗೆ ಹಿಂಡಿದ ಹುಣಿಸೆಯ ಬೀಜ ಇವನ್ನು ಅಡುಗೆಯ ಅಕ್ಕ ಬೇರೆ ಬೇರೆ ಗೆರಟೆಗಳಲ್ಲಿ ಹಾಕಿಡುತ್ತಾರೆ.

ಮೊದಲು ಅಂಟಿನ ವಿಷಯ. ಬಣ್ಣವೆಂದರೆ ಪುಡಿ ಮಾತ್ರವಲ್ಲ. ಪುಡಿಯನ್ನು ಕಾಗದಕ್ಕೆ ಹಿಡಿದಿಡುವ ಅಂಟು ಇಲ್ಲದಿದ್ದರೆ ಒಣಗಿದ ಮೇಲೆ ಅದು ಉದುರಿಹೋಗುತ್ತದೆ. ಗಂಜಿತೆಳಿಯನ್ನು ಸಣ್ಣ ಉರಿಯಲ್ಲಿ ಅರ್ಧದಷ್ಟಕ್ಕೆ ಬತ್ತಿಸಿದರೆ ಕಾಗದ ಅಂಟಿಸಲು ಸಾಕು. ಹುಣಿಸೆಬೀಜದ ಅಂಟು ಇದಕ್ಕಿಂತ ಎಷ್ಟೋ ಮೇಲು. ಬೀಜವನ್ನು ಹುರಿದು, ಒಂದು ರಾತ್ರಿ ನೆನೆಹಾಕಿ, ಕಂದು ಸಿಪ್ಪೆಯನ್ನು ಉಜ್ಜಿ ತೆಗೆಯಬೇಕು. ಒಳಗಿನ ಬಿಳಿಯ ಬೇಳೆಯನ್ನು ಒಣಗಿಸಿ, ಪುಡಿಮಾಡಿ, ಒಂದು ಚಮಚ ಪುಡಿಯನ್ನು ಮೊದಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಒಂದು ಲೋಟ ನೀರಿನಲ್ಲಿ ಕುದಿಸಬೇಕು. ಬಿಸಿ ನೀರಿಗೆ ನೇರವಾಗಿ ಹಾಕಿದರೆ ಗಂಟು ಕಟ್ಟುತ್ತದೆ. ನೂಲಿಗೆ ಗಂಜಿ ಹಾಕಲು ನೇಕಾರರೂ, ಪಟಗಳ ಬಟ್ಟೆಯನ್ನು ಹದಮಾಡಲು ಒಡಿಶಾದ ಚಿತ್ರಗಾರರೂ ಇದನ್ನು ಬಳಸುತ್ತಾರೆ. ಆರಿದ ಮೇಲೆ ಬಿರುಕು ಬಿಡುವುದು ಕಡಿಮೆ. ಎರಡು ಲವಂಗವನ್ನು ಜಜ್ಜಿ ಹಾಕಿದರೆ ಬೂಸರು ಬೇಗ ಹಿಡಿಯುವುದಿಲ್ಲ. ಆದರೂ ಮಳೆಗಾಲದಲ್ಲಿ ಆಯಾ ದಿನದ್ದನ್ನು ಆಯಾ ದಿನವೇ ಮಾಡಿಕೊಳ್ಳುವುದು ಲೇಸು. ಗೇರುಮರದ ಗೋಂದನ್ನೂ ನೀರಿನಲ್ಲಿ ನೆನೆಸಿ ಬಳಸಬಹುದು. ಆದರೆ ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುವುದರಿಂದ ಗೋಂದನ್ನು ತೆಗೆಯುವ ಕೆಲಸ ದೊಡ್ಡವರದು.

ಕಪ್ಪು ಬಣ್ಣಕ್ಕೆ ನಮ್ಮಲ್ಲಿ ಎರಡು ದಾರಿಗಳುಂಟು. ಎಣ್ಣೆಯ ದೀಪದ ಮೇಲೆ ತಟ್ಟೆಯನ್ನು ಕವುಚಿ ಹಿಡಿದ ಕಾಡಿಗೆಯನ್ನು ಕೆರೆದು, ಹುಣಿಸೆಬೀಜದ ಅಂಟಿನ ನಾಲ್ಕು ಹನಿಗಳೊಡನೆ ಅರೆಯುವುದು ಒಂದು. ಅರೆಯುವುದರಲ್ಲಿಯೇ ಇದರ ಗುಟ್ಟು. ಹತ್ತು ನಿಮಿಷ ಅರೆದುದು ನೀರಿನ ಮೇಲೆ ತೇಲುತ್ತದೆ. ಒಂದು ಗಂಟೆ ಅರೆದುದು ಕುಂಚದಿಂದ ಎಳೆಯಾಗಿ ಇಳಿಯುತ್ತದೆ. ಇನ್ನೊಂದು ಉಮಿಕರಿ. ಭತ್ತದ ಉಮಿಯನ್ನು ಸುಟ್ಟು ಕರಿಮಾಡಿದ ಇದನ್ನು ಹಿಂದೆ ಹಲ್ಲುಜ್ಜಲು ಮನೆಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮಲೆಯಾಳದಲ್ಲಿಯೂ ಇದರ ಹೆಸರು ಹೆಚ್ಚುಕಡಮೆ ಇದೇ. ಕಾಡಿಗೆಯಷ್ಟು ನುಣುಪಲ್ಲದಿದ್ದರೂ ಬೇಕಾದಷ್ಟು ಸಿಗುವುದರಿಂದ ದೊಡ್ಡ ಚಿತ್ರಗಳಿಗೆ ಅನುಕೂಲ. ಚಹದ ಚರಟದ ಕಷಾಯಕ್ಕೆ ತುಕ್ಕು ಹಿಡಿದ ಮೊಳೆಯನ್ನೂ ತುಸು ಹುಣಿಸೆ ಹುಳಿಯನ್ನೂ ಹಾಕಿ ಎರಡು ದಿನ ಬಿಟ್ಟರೆ ಬರೆಯುವ ಕಪ್ಪು ಶಾಯಿ ದೊರೆಯುತ್ತದೆ. ಚಹದ ಒಗರೂ ಕಬ್ಬಿಣವೂ ಕೂಡಿ ಕಪ್ಪಾಗುವ ಈ ವಿದ್ಯೆಯನ್ನು, ನೆಲ್ಲಿಕಾಯಿಯನ್ನು ಕಬ್ಬಿಣದ ಕತ್ತಿಯಿಂದ ಹೆಚ್ಚಿದ ಯಾವ ಗೃಹಿಣಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ಹುಣಿಸೆಬೀಜವೂ ಕರಿಯೂ ಕೈಗೆ ಬಂದ ಮೇಲೆ ನಮಗೆ ಕಡತದ ನೆನಪಾಯಿತು. ನಮ್ಮ ಉಪಾಧ್ಯಾಯರಿಗೆ ಕಡತವೆಂದರೆ ವರ್ಗಾವಣೆಯ ಅರ್ಜಿ ಮಲಗಿರುವ ಕಛೇರಿಯ ಕಾಗದದ ಕಟ್ಟು. ಆದರೆ ಹಿಂದೆ ಕನ್ನಡನಾಡಿನ ವರ್ತಕರೂ ಮಠಗಳೂ ಲೆಕ್ಕಪತ್ರವನ್ನು ಬರೆದಿಡುತ್ತಿದ್ದ ಕಡತ ಬಟ್ಟೆಯದು. ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ನುಣುಪು ಮಾಡಿ, ಹಿಂದಕ್ಕೂ ಮುಂದಕ್ಕೂ ಮಡಚಿ ಪುಸ್ತಕದಂತೆ ಮಾಡುತ್ತಿದ್ದರು. ಅದರ ಮೇಲೆ ಬಳಪದಿಂದ ಬಿಳಿಯಾಗಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದವು. ಹೀಗೆ ಅಡುಗೆಮನೆಯ ಎರಡು ಕಸಗಳಿಂದ ರಾಜ್ಯದ ಲೆಕ್ಕ ನಿಲ್ಲುತ್ತಿತ್ತೆಂಬುದು ಮಕ್ಕಳಿಗೆ ಬಹಳ ಹಿಡಿಸಿತು. ಏಳನೆಯ ತರಗತಿಯವರು ಒಂದು ಹಳೆಯ ಪಂಚೆಯನ್ನು ಒಂದು ಗೇಣು ಅಗಲಕ್ಕೆ ಹರಿದು, ಉಮಿಕರಿಯ ನುಣ್ಣನೆಯ ಪುಡಿ ಬೆರೆಸಿದ ಅಂಟನ್ನು ಎರಡು ಬದಿಗೂ ಮೂರು ಸಲ ಬಳಿದು, ಪ್ರತಿ ಸಲವೂ ನೆರಳಿನಲ್ಲಿ ಆರಿಸಿ, ಕೊನೆಗೆ ಸಮುದ್ರದ ಚಿಪ್ಪಿನ ಬೆನ್ನಿನಿಂದ ಉಜ್ಜಿ ಒಂದು ಕಡತವನ್ನು ಮಾಡಿದರು. ಎರಡು ತುದಿಗೆ ಅಡಿಕೆಹಾಳೆಯ ರಟ್ಟು. ಮೊದಲ ಕಡತ ಬಿರುಕು ಬಿಟ್ಟಿತು, ಅಂಟು ದಪ್ಪವಾಗಿತ್ತು. ಎರಡನೆಯದು ಇಂದಿಗೂ ಇದೆ.

ಹಳದಿಗೆ ಅರಸಿನಕ್ಕಿಂತ ಸುಲಭವಾದುದಿಲ್ಲ. ಆದರೆ ಪೇಟೆಯಲ್ಲಿ ಕಣ್ಣಿಗೆ ಹೊಡೆಯುವಂತೆ ಹೊಳೆಯುವ ಪುಡಿಯನ್ನು ತರಬೇಡಿರೆಂದು ಒತ್ತಿ ಹೇಳುತ್ತೇವೆ. ಹೊಳಪಿಗಾಗಿ ಸೀಸದ ಕ್ರೋಮೇಟನ್ನು ಬೆರೆಸಿದ ಪ್ರಸಂಗಗಳು ಬೆಳಕಿಗೆ ಬಂದಿವೆ, ಸೀಸವು ಮಕ್ಕಳ ಮಿದುಳಿಗೆ ವಿಷ. ಕೊಂಬನ್ನು ತಂದು ಕಲ್ಲಿನಲ್ಲಿ ತೇಯುವುದೇ ಕ್ಷೇಮ. ಅರಸಿನದ ಬಣ್ಣ ನೀರಿನಲ್ಲಿ ಕರಗುವುದು ತೀರ ಸ್ವಲ್ಪ. ಪುಡಿ ನೀರಿನಲ್ಲಿ ತೇಲಿಕೊಂಡಿರುತ್ತದೆ, ಅಷ್ಟೆ. ಆದುದರಿಂದ ಗಂಜಿಯಲ್ಲಿ ಕಲಸಬೇಕು. ಇದಕ್ಕೆ ಎಲೆಗೆ ಹಚ್ಚುವ ಸುಣ್ಣವನ್ನು ಸಾಸಿವೆಕಾಳಿನಷ್ಟು ಸೇರಿಸಿದ ಕೂಡಲೆ ಹಳದಿಯು ಕೆಂಪಾಗುತ್ತದೆ. ನಿಂಬೆಯ ರಸ ಹಿಂಡಿದರೆ ಮತ್ತೆ ಹಳದಿ. ಅರಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರದಲ್ಲಿ ಕೆಂಪಾಗಿಯೂ ಆಮ್ಲದಲ್ಲಿ ಹಳದಿಯಾಗಿಯೂ ತೋರುವುದು ಇದಕ್ಕೆ ಕಾರಣ. ಆರತಿಯ ತಟ್ಟೆಯ ಓಕುಳಿ ನೀರು ಇದೇ. ನಾಗಮಂಡಲದ ಅಂಗಳದಲ್ಲಿ ಬರೆಯುವ ಐದು ಬಣ್ಣಗಳಲ್ಲಿ ಹಳದಿ ಅರಸಿನದ್ದು, ಕೆಂಪು ಅರಸಿನ ಸುಣ್ಣದ್ದು, ಕಪ್ಪು ಸುಟ್ಟ ಉಮಿಯದು, ಹಸುರು ಎಲೆಯ ಪುಡಿಯದು. ನಮ್ಮ ತೆಂಕಣ ನೆರೆಯವರ ಕಳಮೆಳುತ್ತಿನ ಪುಡಿಗಳಿಗೂ ಇವೇ ಮೂಲ. ಯಕ್ಷಗಾನದ ಬಣ್ಣದ ವೇಷದವನ ಮುಖದಲ್ಲಿ ಮುಳ್ಳುಮುಳ್ಳಾಗಿ ಏಳುವ ಚುಟ್ಟಿಯೂ ಅಕ್ಕಿಹಿಟ್ಟು ಸುಣ್ಣಗಳದೇ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಆಮ್ಲ ಕ್ಷಾರಗಳ ಪಾಠವನ್ನು ಲಿಟ್ಮಸ್ ಕಾಗದದಿಂದ ತೊಡಗುವ ಅಗತ್ಯವೇನಿದೆ? ಆಟದ ಚೌಕಿಯಿಂದ ತೊಡಗಬಹುದು.

ಸುಣ್ಣದ ವಿಷಯದಲ್ಲಿ ಎಚ್ಚರ ಬೇಕು. ನೀರು ಕಾಣದ ಸುಟ್ಟ ಸುಣ್ಣ ಶಾಲೆಯ ಆವರಣಕ್ಕೇ ಬರಬಾರದು. ನೀರು ತಗಲಿದರೆ ಅದು ಕುದಿಯುತ್ತದೆ. ಎಲೆಯ ಸುಣ್ಣವೂ ಕಣ್ಣಿಗೆ ಬಿದ್ದರೆ ಅಪಾಯ. ಅದನ್ನು ಕಡ್ಡಿಯ ತುದಿಯಲ್ಲಿ ಅಧ್ಯಾಪಕರೇ ಹಾಕುವುದು ನಮ್ಮಲ್ಲಿಯ ಕ್ರಮ. ಇನ್ನೊಂದು ಮಾತು: ಈ ಕೆಂಪು ಬಾಳುವುದಿಲ್ಲ. ಗಾಳಿಯಲ್ಲಿ ಸುಣ್ಣದ ಕ್ಷಾರಗುಣ ಕುಗ್ಗಿದಂತೆ ಕೆಂಪು ಕಂದಿಹೋಗುತ್ತದೆ, ಬಿಸಿಲಿಗಂತೂ ಹಳದಿಯೂ ನಿಲ್ಲದು. ಬಾಳುವ ಕೆಂಪು ಬೇಕಾದರೆ ಮುರಕಲ್ಲಿನ ಹುಡಿಯನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಇಳಿದ ಮೇಲೆ ಮೇಲಿನ ಕೆನ್ನೀರನ್ನು ಬಸಿದು, ಅದರಲ್ಲಿ ಕುಳಿತ ನುಣ್ಣನೆಯ ಕೆಸರನ್ನು ಒಣಗಿಸಿ ಅಂಟಿನಲ್ಲಿ ಕಲಸಬೇಕು. ಅದರ ಬಣ್ಣ ಕಬ್ಬಿಣದ ತುಕ್ಕಿನದು. ಬಿಸಿಲು ಅದನ್ನು ಏನೂ ಮಾಡದು. ಈರುಳ್ಳಿಯ ಸಿಪ್ಪೆಯ ಕಷಾಯಕ್ಕೆ ಚೂರು ಪಟಿಕ ಹಾಕಿದರೆ ಬರುವ ಹೊಂಬಣ್ಣವೂ ಅರಸಿನಕ್ಕಿಂತ ಹೆಚ್ಚು ದಿನ ನಿಲ್ಲುತ್ತದೆ.

ನೇರಿಳೆ ಕೆಂಪಿಗೆ ಬಸಳೆಯ ಹಣ್ಣು. ಕರಾವಳಿಯಲ್ಲಿ ಬಸಳೆಯ ಚಪ್ಪರವಿಲ್ಲದ ಮನೆ ವಿರಳ. ಕರ್ರಗೆ ಕಳಿತ ಕಾಳನ್ನು ಹಿಸುಕಿದರೆ ಬರುವ ರಸದಿಂದ ನಾವೂ ಬಾಲ್ಯದಲ್ಲಿ ಅಂಗಿಯ ತುಂಬ ಬರೆದುಕೊಂಡವರೇ. ಇದು ಬೀಟ್ರೂಟಿನ ಬಣ್ಣದ ಕುಲಕ್ಕೆ ಸೇರಿದ್ದು, ಬೆಳಕಿಗೂ ಬಿಸಿಗೂ ಮಾಸುತ್ತದೆ. ಮಾಸುವುದನ್ನೇ ಪಾಠ ಮಾಡಿದೆವು. ಒಂದೇ ಕಾಗದದಲ್ಲಿ ಬಸಳೆ, ಬೀಟ್ರೂಟು, ಅರಸಿನ, ಈರುಳ್ಳಿ, ಮುರಕಲ್ಲು, ಮಸಿ ಆರು ಗೆರೆ ಎಳೆದು, ಅರ್ಧವನ್ನು ರಟ್ಟಿನಿಂದ ಮುಚ್ಚಿ ಬಿಸಿಲಿನ ಕಿಟಕಿಗೆ ಅಂಟಿಸಿದೆವು. ವಾರಕ್ಕೊಮ್ಮೆ ನೋಡಿ ಬರೆದಿಡುವುದು ಎಂಟನೆಯ ತರಗತಿಯವರ ಕೆಲಸವಾಯಿತು. ಹಳೆಯ ಓಲೆಗರಿಗಳಲ್ಲಿ ಕಪ್ಪೇ ಏಕೆ ಉಳಿದಿದೆಯೆಂದು ಒಬ್ಬಳು ತಾನಾಗಿಯೇ ಕೇಳಿದಳು. ಇದೇ ಬಸಳೆಯ ನೀರಿನಲ್ಲಿ, ಸ್ಲೇಟು ಒರಸುತ್ತಿದ್ದ ನೀರುಕಡ್ಡಿಯ ಗಿಡವನ್ನು ನಿಲ್ಲಿಸಿದರೆ ಕೆಂಪು ಕಾಂಡದಲ್ಲಿ ಏರುವುದು ಕಣ್ಣಿಗೆ ಕಾಣುತ್ತದೆ. ಆ ಗಿಡಕ್ಕೆ ಮಲೆಯಾಳದಲ್ಲಿ ಮಷಿತ್ತಂಡ್ ಎಂದು ಹೆಸರು, ಎಂದರೆ ಮಸಿಯ ಕಾಂಡ. ಮಸಿ ಮತ್ತೆ ಬಂತು ನೋಡಿ.

ನೀಲಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಬೇಕು. ಅಡುಗೆಮನೆಯಲ್ಲಿ ನೀಲಿಯಿಲ್ಲ. ಮನೆಯಲ್ಲಿ ಬಣ್ಣವುಳ್ಳದ್ದು ಏನು ಕಂಡರೂ ಸ್ವಲ್ಪ ತನ್ನಿ ಎಂದು ಆರನೆಯ ತರಗತಿಯಲ್ಲಿ ಬಾಯಿತಪ್ಪಿ ಹೇಳಿದೆವು. ಮರುದಿನ ಒಬ್ಬ ಹುಡುಗ ಶರಬತ್ತಿನ ಖಾಲಿ ಬಾಟಲಿಯಲ್ಲಿ ಆಕಾಶದಂತಹ ನೀಲಿ ನೀರು ತಂದ. ತರಗತಿಯೆಲ್ಲ ಅವನ ಸುತ್ತ ನೆರೆಯಿತು. ಅದು ಮೈಲುತುತ್ತು. ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕಾಗಿ, 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ, ಮಳೆಗೆ ಮೊದಲೇ ತಂದಿಡುತ್ತಾರೆ. ಹೊಟ್ಟೆಗೆ ಹೋದರೆ ವಾಂತಿಯಾಗಿ, ಯಕೃತ್ತು ಮೂತ್ರಪಿಂಡಗಳನ್ನು ಕೆಡಿಸುವ ವಿಷವದು. ಯಾರೂ ಕುಡಿಯಲಿಲ್ಲ. ಆದರೆ ಶರಬತ್ತಿನ ಬಾಟಲಿಯಲ್ಲಿದ್ದ ಆ ನೀಲಿಯನ್ನು ನೆನೆದರೆ ಇಂದಿಗೂ ನಮ್ಮ ಕೈ ತಣ್ಣಗಾಗುತ್ತದೆ. ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸುರಿಸಿದ ವರ್ಷಗಳನ್ನು ಕಂಡ ಜಿಲ್ಲೆಯಲ್ಲಿ ಅಧ್ಯಾಪಕರಾಗಿದ್ದು, ಮನೆಯಲ್ಲಿರುವುದೆಲ್ಲವೂ ಮಕ್ಕಳ ಕೈಗೆ ತಕ್ಕುದಲ್ಲವೆಂಬುದನ್ನು ನಾವು ಮರೆತದ್ದು ಸಣ್ಣ ತಪ್ಪಲ್ಲ. ಹಳೆಯ ಪುಸ್ತಕಗಳಲ್ಲಿ ಅಂಟಿಗೆ ಹುಳು ಹಿಡಿಯದಂತೆ ಮೈಲುತುತ್ತು ಬೆರೆಸುವ ವಿಧಿ ಕಾಣುವುದುಂಟು. ಅದನ್ನು ಶಾಲೆಯಲ್ಲಿ ಸರ್ವಥಾ ಅನುಸರಿಸಬಾರದು. ಈಗ ನಮ್ಮ ನೀಲಿ ಬೇಲಿಯ ಶಂಖಪುಷ್ಪದ್ದು. ಹತ್ತು ಹೂವನ್ನು ಬಿಸಿನೀರಿನಲ್ಲಿ ಅದ್ದಿಟ್ಟರೆ ಸಾಕು. ನಿಂಬೆಹುಳಿ ಬಿದ್ದರೆ ನೇರಿಳೆಯಾಗುತ್ತದೆ, ಅರಸಿನದ ಹಳದಿಯ ಮೇಲೆ ಬಳಿದರೆ ಹಸುರು. ಮೈಲುತುತ್ತಿನಷ್ಟು ಚೆಂದವಿಲ್ಲವೆಂದು ಆ ಹುಡುಗ ಈಗಲೂ ಹೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ.

ಹಿಟ್ಟಿನ ಆನೆ ಕುಸಿದ ಮೇಲೆ ಗೊಂಬೆಗೆ ಏನು ಗತಿ? ಇಲ್ಲಿಯೂ ದಾರಿ ತೋರಿದವರು ಹೆಂಗಸರು. ಹಳೆಯ ಮೊರ, ಬುಟ್ಟಿಗಳ ಸಂದನ್ನು ಮುಚ್ಚಲು ನೆನೆಸಿದ ಕಾಗದವನ್ನೂ ಮೆಂತೆಯನ್ನೂ ಅರೆದು ಬಳಿಯುವ ಪದ್ಧತಿ ಮನೆಗಳಲ್ಲಿ ಇತ್ತು. ಹಳೆಯ ಪತ್ರಿಕೆಗಳನ್ನು ಎರಡು ದಿನ ನೆನೆಹಾಕಿ, ಹಿಂಡಿ, ಒನಕೆಯಿಂದ ಕುಟ್ಟಿ, ಗಂಜಿಯ ಅಂಟನ್ನೂ ನೆನೆದ ಮೆಂತೆಯ ಒಂದು ಹಿಡಿ ಅರೆಪನ್ನೂ ಸೇರಿಸಿದರೆ ಮುದ್ದೆ ಕೈಗೆ ಅಂಟದೆ ಬಾಗುತ್ತದೆ, ಒಣಗಿದ ಮೇಲೆ ಮರದ ಹಾಗೆ ಗಟ್ಟಿ. ಮೆಂತೆಯ ಕಹಿಗೆ ಇರುವೆಯೂ ಹತ್ತಿರ ಬರುವುದಿಲ್ಲವೆಂದು ಅಡುಗೆಯ ಅಕ್ಕನ ಅಭಿಪ್ರಾಯ. ನಾವು ಪರೀಕ್ಷಿಸಿ ನೋಡಿಲ್ಲ. ಮಳೆಗಾಲದಲ್ಲಿ ಒಲೆಯ ಬದಿಯಲ್ಲಿ ಒಣಗಿಸಬೇಕು. ಯಕ್ಷಗಾನದ ಕಿರೀಟಗಳನ್ನು ಈ ಮುದ್ದೆಯಿಂದಲೇ ಮಾಡಿ ವಾರ್ಷಿಕೋತ್ಸವವನ್ನು ಕಳೆದಿದ್ದೇವೆ. ಕುಂಚಗಳನ್ನು ಕೇದಗೆಯ ಬೇರಿನ ತುದಿ ಜಜ್ಜಿ ಮಾಡುತ್ತೇವೆ, ಬಣ್ಣದ ತಟ್ಟೆ ಅಡಿಕೆಹಾಳೆ. ಇವುಗಳ ವಿಷಯ ಹೆಚ್ಚು ಹೇಳುವುದಕ್ಕೇನೂ ಇಲ್ಲ.

ಇತರ ಗಡಿಗಳ ಬಂಧುಗಳಿಗೆ ಈ ಪಟ್ಟಿಯೆಲ್ಲ ಹಾಗೆಯೇ ಹೊಂದುವುದಿಲ್ಲ. ಅಕ್ಕಲಕೋಟೆ, ಜತ್ತಗಳ ಒಣಹವೆಯಲ್ಲಿ ನಮ್ಮ ಉಪ್ಪಿನ ಆನೆ ಬೆವರದೆ ನಿಂತೀತು. ಗೇರಿನ ಗೋಂದಿನ ಬದಲು ಅಲ್ಲಿ ಜಾಲಿಯ ಗೋಂದು ದೊರೆಯುತ್ತದೆ. ಸೊಲ್ಲಾಪುರದ ಕಡೆಯ ಕುಸುಬೆಯ ಹೂವಂತೂ ಒಂದು ಪೂರ್ಣ ಪಾಠವೇ ಸರಿ: ಎಸಳನ್ನು ತಣ್ಣೀರಿನಲ್ಲಿ ತೊಳೆದರೆ ಹಳದಿ ಇಳಿದುಹೋಗುತ್ತದೆ, ಉಳಿದುದನ್ನು ಸೋಡದ ನೀರಿನಲ್ಲಿ ನೆನೆಸಿ ಹುಳಿ ಸೇರಿಸಿದರೆ ಕೆಂಪು ಹೊರಬರುತ್ತದೆ. ಆದವಾನಿ, ರಾಯದುರ್ಗಗಳ ಕಡೆ ಹುಣಿಸೆಮರಕ್ಕೆ ಬರವಿಲ್ಲ. ಆಯಾ ಒಲೆಯ ಸುತ್ತಲಿನದನ್ನು ಆಯಾ ಊರಿನವರೇ ಹುಡುಕಬೇಕು.

ಹುಡುಕುವಾಗ ಹೆಸರುಗಳನ್ನು ಬರೆದಿಡಿರೆಂಬುದು ನಮ್ಮ ವಿನಂತಿ. ಇದನ್ನು ನಾವು ತಡವಾಗಿ ತೊಡಗಿದೆವು. ಬಣ್ಣ ಮಾಡುವಾಗ ಮಕ್ಕಳು ತಂತಮ್ಮ ಮನೆಯ ಮಾತನ್ನೇ ಆಡುತ್ತಾರೆ. ಅರಸಿನವನ್ನು ತುಳುವಿನವನು ಮಂಜಲ್ ಎನ್ನುತ್ತಾನೆ, ಮಲೆಯಾಳದವಳು ಮಂಞಳ್ ಎನ್ನುತ್ತಾಳೆ, ಕೊಂಕಣಿಯವಳು ಹಳದಿ ಎನ್ನುತ್ತಾಳೆ. ಆ ಹಳದಿ ಎಂಬುದೇ ನಮ್ಮ ಪಠ್ಯಪುಸ್ತಕದ ಕನ್ನಡದಲ್ಲಿ ಬಣ್ಣದ ಹೆಸರು ಎಂದಾಗ ಅವಳ ಮುಖ ಅರಳಿತು. ತನ್ನ ಮನೆಯ ಮಾತು ಪುಸ್ತಕದಲ್ಲಿ ಮೊದಲೇ ಬಂದು ಕೂತಿದೆಯೆಂಬ ಹಿಗ್ಗು ಅದು. ತರಗತಿಗೊಂದು ಉದ್ದ ಪುಸ್ತಕವಿಟ್ಟಿದ್ದೇವೆ: ಎಡಕ್ಕೆ ವಸ್ತು, ನಡುವೆ ಮನೆಯ ಮಾತು, ಬಲಕ್ಕೆ ಕನ್ನಡ. ತೆಳಿ, ಗೆರಟೆ, ಉಮಿಕರಿ, ಚರಟ, ಸರಿ, ಮಸಿಬಟ್ಟೆ ಮುಂತಾದ ಮಾತುಗಳು ಅದರಲ್ಲಿ ಸೇರಿವೆ. ಇವುಗಳಲ್ಲಿ ಕೆಲವು, ನಮ್ಮ ತರಗತಿಯ ಮಕ್ಕಳಿಗೆ ಮೊದಲ ಸಲ ಕಿವಿಗೆ ಬಿದ್ದವು. 1956ರ ನವೆಂಬರ್ 1ರಿಂದ ಈ ನಾಡಿನಲ್ಲಿ ಕನ್ನಡದ ಮಕ್ಕಳು ಕನ್ನಡವನ್ನು ಕಲಿಯುವುದು ಬಹುಮಟ್ಟಿಗೆ ಶಾಲೆಯ ಕೋಣೆಯಲ್ಲಿ. ಪುಸ್ತಕದ ಭಾಷೆಯಾಗಿ ಅದು ಉಳಿದೀತು. ಕೈಕೆಲಸದ ಭಾಷೆಯಾಗಿ ಉಳಿಯಬೇಕಾದರೆ ಕೈಗೆ ಕೆಲಸ ಬೇಕು.

ನೀರು ಕುಡಿಯಲು ಹೋಗುತ್ತಿದ್ದ ಹುಡುಗ ಹತ್ತನೆಯ ತರಗತಿ ಮುಗಿಸಿ ಹೋದ. ಚಿತ್ರ ಬರೆಯುವುದರಲ್ಲಿ ಅವನೇನೂ ಹೆಚ್ಚಿನವನಾಗಲಿಲ್ಲ. ಆದರೆ ಮಸಿ ಅರೆಯುವುದರಲ್ಲಿ ಅವನಷ್ಟು ತಾಳ್ಮೆಯವರು ಆಮೇಲೆ ಬಂದಿಲ್ಲ. ಕಡತದ ಮೊದಲ ಮಡಿಕೆಯಲ್ಲಿ ಅಂಟಿನ ಪಾಕವನ್ನು ಬರೆದವನು ಅವನೇ. ಅಕ್ಷರ ಈಗ ಅಳಿಸಿಹೋಗುತ್ತಿದೆ, ತಿದ್ದಿ ಬರೆಯಬೇಕು. ಅದಕ್ಕೊಂದು ಅಡಚಣೆಯಿದೆ. ಮೊದಲು ಬರೆದ ಬಳಪ ಒಬ್ಬರು ಹಿರಿಯರ ಪೆಟ್ಟಿಗೆಯಲ್ಲಿದ್ದ ಹಳೆಯ ತುಂಡು, ಅದು ಮುಗಿಯಿತು. ನಮ್ಮ ಪೇಟೆಯಲ್ಲಿ ಈಗ ದೊರೆಯುವ ಸ್ಲೇಟು ಕಡ್ಡಿಗಳು ಗಡುಸಾಗಿದ್ದು ಕಡತವನ್ನು ಗೀರುತ್ತವೆಯೇ ಹೊರತು ಬರೆಯುವುದಿಲ್ಲ. ಮೆದುವಾದ ಬಳಪದ ಕಲ್ಲು ದೊರೆಯುವ ಊರುಗಳ ಉಪಾಧ್ಯಾಯ ಬಂಧುಗಳು ಒಂದು ಹಿಡಿ ತುಂಡುಗಳನ್ನು ಸಂಘದ ಮೂಲಕ ಕಳುಹಿಸಿಕೊಟ್ಟರೆ ಉಪಕಾರವಾಗುವುದು. ಬದಲಿಗೆ ಬಸಳೆಯ ಬೀಜವನ್ನು ಕಳುಹಿಸುತ್ತೇವೆ; ಅದು ನಮ್ಮಲ್ಲಿ ಬೇಕಾದಷ್ಟಿದೆ.